ಬಾಯಾರಿದ ಹಲಗೆ

ದೋಣಿ ಬಾಡಿಗೆ ಆರು ರಿಯಾಲ್. ಡೀಸೆಲ್ ಖರ್ಚು ಬೇರೆ. ಹೊತ್ತು ತಂದ ಇಬ್ಬರು ಪಠಾಣರಿಗೆ ತಲಾ ಅರ್ಧ ರಿಯಾಲ್, ಮೇಲೊಂದು ತಂಪು ಪೆಪ್ಸಿ. ಹಲಗೆಗೆ ಮಾತ್ರ ಮುದುಕ ಯೂಸುಫ್ ಒಂದು ಬೈಸಾ ಮುಟ್ಟಲಿಲ್ಲ. ವ್ಯಾಪಾರ ಬಲ್ಲವನು ವಸ್ತುವನ್ನು ಬಿಟ್ಟಿ ಕೊಟ್ಟರೆ ತೆಗೆದುಕೊಳ್ಳುವವನು ಎರಡು ಸಲ ಯೋಚಿಸಬೇಕು. ವಿಕ್ಟರ್ ಒಂದು ಸಲವೂ ಯೋಚಿಸಲಿಲ್ಲ.

ಎಂಬತ್ತೆಂಟರ ಬೇಸಿಗೆ. ಮಸ್ಕತ್ತಿನ ಸೀಮೆಯ ಕಡಲೂರು ಖಸಬ್‌ನಲ್ಲಿ ಹೊಸ ಹೋಟೆಲೊಂದು ಏಳುತ್ತಿತ್ತು. ಮಂಗಳೂರಿನಿಂದ ಹೊಸದಾಗಿ ಬಂದಿದ್ದ ವಿಕ್ಟರ್ ಅಲ್ಲಿ ಸ್ಟೋರ್ ಕೀಪರ್. ಮುಂಗೋಡೆಗೆ ಹಳೆಯ ಕಾಲದ್ದೇನಾದರೂ ಬೇಕೆಂದು ಮ್ಯಾನೇಜರ್ ಹೇಳಿದ್ದೇ ತಡ, ಕೊಲ್ಲಿಯಾಚೆಗಿನ ಯೂಸುಫನ ದೋಣಿಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಈ ಹಲಗೆ ಅವನ ಕಣ್ಣಿಗೆ ಬಿತ್ತು. ಆಳೆತ್ತರದ ಕಪ್ಪು ಮರ. ಅದರಲ್ಲಿ ಚಾಕುವಿನಿಂದ ಕೆತ್ತಿದ ಎರಡು ದೊಡ್ಡ ಕಣ್ಣು.

"ಭಾಯಿ, ಇದು ಇಂಗ್ಲಿಷರ ಕಾಲದ ತಂತಿ ಆಫೀಸಿನ ದ್ವೀಪದ್ದು," ಎಂದ ಯೂಸುಫ್. ಹರೆಯದಲ್ಲಿ ಹೆಂಚು ತುಂಬಿಸಲು ಮಂಗಳೂರಿಗೆ ಹಾಯಿಹಡಗಿನಲ್ಲಿ ಹೋಗಿ ಬಂದ ಅವನಿಗೆ ಮುರುಕು ಹಿಂದಿ ಬರುತ್ತಿತ್ತು. "ಅಲ್ಲಿ ಕಲ್ಲಿನ ಮೇಲೆ ಆ ಆಫೀಸಿನ ಸಾಹೇಬ ಬರೆಸಿದ ಪದ್ಯ ಇದೆಯಲ್ಲ, ಅದನ್ನು ಇದರ ಮುಂದೆ ಹೇಳಬೇಡ. ಇದು ಕೇಳಿಸಿಕೊಳ್ಳುತ್ತದೆ."

"ಕಣ್ಣು ಕಾಣ್ತದೆ ಚಾಚಾ, ಕಿವಿ ಎಲ್ಲಿ?" ಎಂದು ವಿಕ್ಟರ್ ನಕ್ಕ.

ಯೂಸುಫ್ ನಗಲಿಲ್ಲ. "ಖಲಾಸ್. ನಾನು ಹೇಳಿಯಾಯಿತು," ಎಂದು ಕೈ ಕೊಡವಿಕೊಂಡ.

ಬಂದ ಹೊಸತರಲ್ಲೇ ದ್ವೀಪ ನೋಡಲು ಹೋಗಿ ಕಲ್ಲಿನ ಮೇಲೆ ಓದಿದ್ದ ಆ ಪದ್ಯ ವಿಕ್ಟರನಿಗೆ ಬಾಯಿಪಾಠವಾಗಿತ್ತು. ಕಾಲೇಜಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕವಿತೆಗಳನ್ನು ಓದಿದವನು ಅವನು. ಮದುವೆಯಾಗಲಿ, ಸತ್ತವರ ಬೊಜ್ಜವಾಗಲಿ, ಎದ್ದು ನಿಂತು ಗಂಭೀರ ದನಿಯಲ್ಲಿ ನಾಲ್ಕು ಸಾಲು ಹೇಳದಿದ್ದರೆ ಅವನಿಗೆ ಉಂಡದ್ದು ಕರಗದು. ಊರ ಇಗರ್ಜಿಯಲ್ಲಿ ವಾಚನಕ್ಕೆ ಅವನೇ ಬೇಕು. ಆ ದನಿಯೇ ಅವನ ಆಸ್ತಿ.

ಹೋಟೆಲಿನ ಗೋಡೆ ಒಣಗುವ ತನಕ ಹಲಗೆ ಅವನ ಕ್ವಾರ್ಟರ್ಸಿನಲ್ಲೇ ಉಳಿಯಿತು. ಊಟದ ಮೇಜಿನ ಎದುರು, ಮುಖ ಹೊರಗೆ ಮಾಡಿ.

"ಎಂತ ಮಾರಾಯ್ರೆ ಇದು? ಉಣ್ಣುವಾಗ ತುತ್ತು ಲೆಕ್ಕ ಮಾಡಿದ ಹಾಗೆ ನೋಡ್ತದೆ," ಎಂದಳು ಹೆಂಡತಿ ಎಸ್ತರ್.

"ನಿನ್ನ ಅಮ್ಮನಿಗಿಂತ ವಾಸಿ. ಇದು ಮಾತಾಡುದಿಲ್ಲ," ಎಂದ ವಿಕ್ಟರ್.

ಶುಕ್ರವಾರ ಮಧ್ಯಾಹ್ನ ಕಾರ್ಮೆನು ಊಟಕ್ಕೆ ಬಂದ. ಮಾಲ್ಟಾ ದ್ವೀಪದವನು, ತಂತಿ ಆಫೀಸಿನ ಹಾಳುಗೋಡೆಗಳ ನಡುವೆ ಮಣ್ಣು ಅಗೆದು ಹಳೆಯದನ್ನು ಹುಡುಕುವ ವಿದ್ವಾಂಸ. ಅವನೂ ಕ್ಯಾಥೊಲಿಕ್, ಆದರೆ ದೇವರನ್ನು ಕರೆಯುವುದು 'ಅಲ್ಲಾ' ಎಂದು. ಅವರ ಭಾಷೆ ಅರಬ್ಬಿಯ ತಂಗಿ. ಎಸ್ತರಿಗೆ ಇದು ಮುಗಿಯದ ಬೆರಗು.

ಹಲಗೆ ಕಂಡದ್ದೇ ಕಾರ್ಮೆನು ಶಿಲುಬೆಯ ಗುರುತು ಮಾಡಿಕೊಂಡ.

"ನಮ್ಮೂರ ಬೆಸ್ತರು ದೋಣಿಯ ಮೂತಿಗೆ ಇಂಥ ಕಣ್ಣು ಬರೆಯುತ್ತಾರೆ. ಕೇಡು ಎಲ್ಲಿದೆಯೆಂದು ಹುಡುಕುವ ಕಣ್ಣು. ಇದು ದೋಣಿಯದಲ್ಲ, ಬಾಗಿಲಿನದು. ಒಳಗಿದ್ದವನು ಒಳಮೈಗೆ ಕೆತ್ತಿದ್ದಾನೆ. ಕೆಳಗೆ ನೋಡು, ಉಗುರಿನ ಗೀರು."

ಅವನ ದನಿ ಇಳಿಯಿತು. "ಹೋದ ವಾರ ಎಲುಬು ಸಿಕ್ಕಿತು. ನಮ್ಮವನೇ, ಕುತ್ತಿಗೆಯಲ್ಲಿ ನಮ್ಮೂರ ಸಂತನ ಪದಕ ಇತ್ತು. ಉಗ್ರಾಣದೊಳಗೆ ಬಿದ್ದಿದ್ದ. ಬಾಗಿಲನ್ನು ಯಾರೋ ಎಂದೋ ಕಿತ್ತೊಯ್ದಿದ್ದರು, ಆದರೆ ಚೌಕಟ್ಟಿನಲ್ಲಿ ಚಿಲಕ ಹೊರಗಿನಿಂದ ಹಾಕಿದ್ದು ಹಾಗೇ ಇತ್ತು. ನೀರು ಮುಗಿಯುತ್ತಾ ಬಂದಾಗ ಸಾಹೇಬ ತನ್ನ ಆಳಾಗಿದ್ದ ಇವನನ್ನು ಕೂಡಿಹಾಕಿ, ಉಳಿದ ನೀರು ಹಿಡಿದು ಹೋಗಿದ್ದಾನೆ. ಆಮೇಲೆ ಕಲ್ಲು ನೆಟ್ಟು ಪದ್ಯ ಬರೆಸಿದ್ದಾನೆ."

"ಏನೇ ಹೇಳಿ, ಪದ್ಯ ಚಂದ ಉಂಟು," ಎಂದ ವಿಕ್ಟರ್. ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ಬೇಡ," ಎಂದ ಕಾರ್ಮೆನು.

ವಿಕ್ಟರ್ ಹಲಗೆಯ ಕಡೆಗೇ ತಿರುಗಿ, ಎದೆಯ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಶುರುಮಾಡಿದ. ಕೊನೆಯ ಗುಟುಕನ್ನು ಒಡೆಯನಿಗಿತ್ತು ನಗುತ್ತ ಮಲಗಿದ ನಿಷ್ಠಾವಂತ ಸೇವಕನೇ, ಎಂಬ ಅರ್ಥದ ಸಾಲುಗಳು. ದನಿ ತುಂಬಿ ಬಂತು. ಪದ್ಯ ಮುಗಿಯಿತು.

ಕರೆಂಟು ಹೋಯಿತು.

ಬಿಸಿಲಿಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನಡುಹಗಲಲ್ಲೇ ಕೋಣೆ ಕುರುಡಾಯಿತು. ಏಸಿಯ ಗುಂಯ್‌ಗುಡುವಿಕೆ ನಿಂತ ಮೌನದಲ್ಲಿ ಬತ್ತಿದ ಬಾವಿಯ ವಾಸನೆ ಎದ್ದಿತು. ಕೊಳೆತ ಕಡಲಪಾಚಿ. ತುಕ್ಕು. ಬಹಳ ಕಾಲ ಮುಚ್ಚಿಟ್ಟ ಬಾಯಿಯ ನಾತ.

ಕರ್ರ್. ಕರ್ರ್. ಮರದ ಮೇಲೆ ಉಗುರು.

ವಿಕ್ಟರನಿಗೆ ಬಾಯಾರಿತು. ಲೋಟ ಎತ್ತಿದ. ಉಪ್ಪು. ಉಗಿದ. ಹೂಜಿ ಎತ್ತಿದ. ಉಪ್ಪು. ಮಜ್ಜಿಗೆ, ಉಪ್ಪು. ತಡವರಿಸುತ್ತ ನಲ್ಲಿಗೆ ಬಾಯಿ ಕೊಟ್ಟ. ಕಡಲೇ ಗಂಟಲಿಗೆ ನುಗ್ಗಿತು. ನಾಲಗೆ ಊದಿತು. ಅಂಗುಳಕ್ಕೆ ಅಂಟಿತು. ಬಾಗಿಲಿಗೆ ಓಡಿದ. ಎಳೆದ. ಬರಲಿಲ್ಲ. ಆ ಬಾಗಿಲಿಗೆ ಹೊರಗೆ ಚಿಲಕವೇ ಇರಲಿಲ್ಲ. ಆದರೂ ಹೊರಗೆ ಚಿಲಕ ಬಿದ್ದಿತ್ತು. ತಿರುಗಿದ. ಕತ್ತಲಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವನನ್ನೇ.

"ಇವನಲ್ಲ! ಆ ಸಾಹೇಬ ಸತ್ತು ನೂರು ವರ್ಷವಾಯಿತು!" ಎಂದು ಕಾರ್ಮೆನು ತನ್ನ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಕೂಗಿದ. ಉಗುರಿನ ಸದ್ದು ಇನ್ನೂ ಜೋರಾಯಿತು. ಹಲಗೆ ಗುರುತು ಹಿಡಿದದ್ದು ಮುಖವನ್ನಲ್ಲ. ಆ ಸುಳ್ಳನ್ನು.

ವಿಕ್ಟರ್ ಮೊಣಕಾಲೂರಿ ಕುಸಿದ. ಅವನ ಉಗುರುಗಳೂ ಬಾಗಿಲನ್ನು ಕೆರೆಯತೊಡಗಿದವು.

"ಅಯ್ಯೋ ದೇವರೇ, ಬಾಯಾರಿ ಸತ್ತವನನ್ನು ಮನೆಗೆ ತಂದು ಕೂರಿಸಿದ್ದೀರಿ," ಎಂದಳು ಎಸ್ತರ್ ಅಳುತ್ತ. "ಯಾರಾದ್ರೂ ಒಂದು ಗ್ಲಾಸು ನೀರು ಕೊಟ್ಟಿದ್ದೀರಾ?"

ಅವಳು ಹುಟ್ಟಿ ಬೆಳೆದ ಊರಲ್ಲಿ ಹಗೆಯೇ ಜಗಲಿ ಹತ್ತಿದರೂ ಮೊದಲು ಬೆಲ್ಲ, ನೀರು. ಕತ್ತಲಲ್ಲೇ ಡಬ್ಬಿ ತಡಕಿ ಬೆಲ್ಲದ ತುಂಡು ತೆಗೆದಳು. ಚೆಂಬು ತುಂಬ ನೀರು ಹಿಡಿದು ಹಲಗೆಯ ಬುಡದಲ್ಲಿಟ್ಟಳು. ಅದೇ ನಲ್ಲಿಯ ನೀರು, ಉಪ್ಪಾದದ್ದು ವಿಕ್ಟರನ ಬಾಯಿಗೆ ಮಾತ್ರ.

"ಬಾಯಾರಿಕೆ ತಕ್ಕೊಳ್ಳಿ. ಮೊದಲೇ ಕೊಡಬೇಕಿತ್ತು. ತಪ್ಪಾಯ್ತು."

ಗುಟುಕು. ಗುಟುಕು. ಕತ್ತಲಲ್ಲಿ ಯಾರೋ ನೀರು ಕುಡಿಯುವ ಸದ್ದು. ಕೊನೆಯ ಗುಟುಕಿಗೆ ಅದು ನಿಂತಿತು. ಕಾಯಿತು.

ಪದ್ಯ ಹೇಳಿದ ಬಾಯಿಯೇ ಅದಕ್ಕೆ ಉತ್ತರವನ್ನೂ ಹೇಳಬೇಕೆಂದು ವಿಕ್ಟರನಿಗೆ ಅರ್ಥವಾಯಿತು. ಊದಿದ ನಾಲಗೆಯನ್ನು ಬೆರಳಿನಿಂದ ಎಬ್ಬಿಸಿ, ಒಂದು ಶಬ್ದವನ್ನು ಹೊರಗೆ ನೂಕಿದ.

"ಸುಳ್ಳು."

ಬಾಗಿಲು ತೆರೆದುಕೊಂಡಿತು. ಬಿಸಿಲು ನುಗ್ಗಿತು. ಚೆಂಬು ಬರಿದಾಗಿತ್ತು.

ಮಸ್ಕತ್ತಿನ ಡಾಕ್ಟರರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದರು. ಕಾರ್ಮೆನು ಆ ಹಲಗೆಯನ್ನು ಎಲುಬಿನ ಜೊತೆ ದ್ವೀಪದಲ್ಲೇ ಮಣ್ಣು ಮಾಡಿದ. ಅಲ್ಲಿಂದೀಚೆಗೆ ಆ ದಂಡೆಯ ಹತ್ತಿರ ದೋಣಿ ದಾಟಿಸುವಾಗ ಯೂಸುಫ್ ಕಿವಿ ಮುಚ್ಚಿಕೊಳ್ಳುತ್ತಾನೆ. ಪದ್ಯದ ಕಲ್ಲಿನ ಬಳಿ ಯಾರೋ ಹಗಲಿಡೀ ಒಂದೇ ಶಬ್ದ ಹೇಳುತ್ತಿರುತ್ತಾರಂತೆ. ಗಂಭೀರವಾದ, ತುಂಬಿದ ದನಿ. ಸುಳ್ಳು, ಸುಳ್ಳು, ಸುಳ್ಳು. ಅರ್ಥ ಅವನಿಗೆ ತಿಳಿಯದು. ದನಿ ಯಾರದೆಂದು ತಿಳಿದಿದೆ.

ವಿಕ್ಟರನಿಗೆ ಜೀವ ಉಳಿಯಿತು. ನೀರು ಸಿಹಿಯಾಯಿತು. ದನಿ ಮರಳಿ ಬರಲಿಲ್ಲ.