ತಟ್ಟೆಯಲ್ಲಿ ಉಳಿದ ಪಿನ್ನು

"ಇದು ಯಾವ ಗಾಡೀದೋ ಏನೋ. ಆ ಗಾಡಿಗೆ ಏನಾಗಿತ್ತೋ," ಎನ್ನುತ್ತ ತ್ರಿವೇಣಿ ಹಳೆಯ ಟೈ ರಾಡನ್ನು ಬೆರಳ ತುದಿಯಿಂದ ಮುಟ್ಟಿದಳು.

"ಅದಕ್ಕೇ ಒಂದು ಹೊಸ ಚೂರು ದೇವರ ಮುಂದೆ ಇಡೋದು," ಎಂದ ಗಂಗಾಧರ್.

ನಂಗಲಿಯ ಹೆದ್ದಾರಿ ಬದಿಯ ಅವನ ಶೆಡ್ಡಿನಲ್ಲಿ ಅದೊಂದು ಪದ್ಧತಿ. ಗುಜರಿಯಿಂದ ತಂದದ್ದನ್ನು ತೊಳೆದು, ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಬಿರುಕಿದ್ದರೆ ಕಬ್ಬಿಣದ ದನಿ ಒಡೆಯುತ್ತದೆ. ದನಿ ಒಪ್ಪಿದರೆ ಮಾತ್ರ ಗಾಡಿಗೆ ಕೂರಿಸುವುದು. ಕಡೆಯ ಒಂದು ಚೂರು ಹೊಸದಿರಬೇಕು. ಅದು ಕುಂಕುಮ ಹಚ್ಚಿಸಿಕೊಂಡು ಆಂಜನೇಯನ ಪಟದ ಮುಂದಿನ ತಟ್ಟೆಯಲ್ಲಿ ಕಾಯಬೇಕು. ಆರತಿಯಾದ ಮೇಲೆ ಅದನ್ನು ಹಾಕಿದರೆ ಕೆಲಸ ಮುಗಿಯಿತು.

ಇವತ್ತು ತಟ್ಟೆಯಲ್ಲಿದ್ದದ್ದು ಒಂದು ಸ್ಪ್ಲಿಟ್ ಪಿನ್ನು. ಮುಂದಿನ ಚಕ್ರಗಳನ್ನು ತಿರುಗಿಸುವ ಆ ಟೈ ರಾಡ್ ಸರಳಿನ ನಟ್ಟು ಬಿಚ್ಚಿಕೊಳ್ಳದಂತೆ ಹಿಡಿಯುವುದು ಅದೇ.

ಮೂರು ಭಾನುವಾರಗಳಿಂದ ತ್ರಿವೇಣಿ ತನ್ನ ಜೀಪು ತರುತ್ತಿದ್ದಳು. ಒಮ್ಮೆ ಎತ್ತರದ ಸ್ಪ್ರಿಂಗು, ಒಮ್ಮೆ ದಪ್ಪ ಟೈರು, ಇವತ್ತು ಈ ಸರಳು; ಅದು ಆಗಲೇ ಗಾಡಿಗೆ ಕೂತಿತ್ತು, ಪಿನ್ನೊಂದೇ ಬಾಕಿ. ಇವತ್ತೇ ಆವನಿಯ ಹತ್ತಿರ ಬಂಡೆಯ ಮೇಲೆ ಜೀಪು ಹತ್ತಿಸುವ ಪಂದ್ಯ. ಎರಡು ಗಂಟೆಗೆ ಅವಳ ಸರದಿ.

ಆರತಿ ತೆಗೆದುಕೊಂಡವಳು ಕಣ್ಣಿಗೊತ್ತಿದ ಕೈಗಳ ಸಂದಿಯಿಂದ ಅವನನ್ನು ನೋಡಿದಳು.

"ನಿಮ್ಮ ಮೂಗಿನ ಮೇಲೆ ಗ್ರೀಸು."

ಅವನು ಒರೆಸಿಕೊಂಡ. ಕೆನ್ನೆಗೂ ಹತ್ತಿತು.

"ಬಿಡಿ, ಈಗ ಎರಡೂ ಕಡೆ ಸರಿಹೋಯ್ತು," ಎಂದು ತನ್ನ ಕರ್ಚೀಫು ಕೊಟ್ಟಳು.

ಎಷ್ಟೋ ಹೇಳಬೇಕಿತ್ತು. "ಸದ್ದು ಬದಲಾದ್ರೆ ಗಾಡಿ ನಿಲ್ಲಿಸ್ಬಿಡಿ," ಎಂದಷ್ಟೇ ಬಾಯಿಗೆ ಬಂತು. ಅವಳು ತಲೆಯಾಡಿಸಿ ಜೀಪು ಹತ್ತಿ ಹೊರಟಳು.

ಕರ್ಚೀಫನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದವನನ್ನು ತಾಯಿ ಮುನಿಶಾಮಮ್ಮ ಒಳಗಿನಿಂದ ಕೂಗಿದಳು.

"ಏಮಿರಾ ಗಂಗಾ, ಈ ಪಿನ್ನು ತಟ್ಟೇಲೇ ಐತಲ್ಲ?"

ಅವನು ತಕ್ಷಣ ತ್ರಿವೇಣಿಗೆ ಕರೆ ಮಾಡಿದ.

ಫೋನು ಸ್ವಿಚ್ ಆಫ್. ಗಾಡಿ ಓಡಿಸುವಾಗ ಅವಳದು ಯಾವಾಗಲೂ ಹಾಗೇ. ಪಿನ್ನನ್ನೂ ಒಂದು ಸ್ಪ್ಯಾನರನ್ನೂ ಜೇಬಿಗೆ ಹಾಕಿಕೊಂಡು ಅವನು ಬೈಕು ಹತ್ತಿದ. ಮುಳಬಾಗಿಲಿನ ದಾರಿಯುದ್ದಕ್ಕೂ, ಅಜ್ಜಿ ರಾಗವಾಗಿ ಹೇಳಿಕೊಟ್ಟಿದ್ದ ಹನುಮಂತನ ಪದ್ಯವನ್ನು ಹೇಳಿಕೊಳ್ಳಲು ನೋಡಿದ. ಎರಡನೆಯ ಸಾಲಿಗೆ ನಾಲಿಗೆ ನಿಂತುಬಿಡುತ್ತಿತ್ತು. ದೂರದಲ್ಲೊಂದು ಕಡೆ ಜನ ಗುಂಪುಗೂಡಿದ್ದರು. ಬೈಕಿನ ವೇಗ ಹೆಚ್ಚಿಸಿದ. ಹತ್ತಿರ ಹೋದರೆ ಎಳನೀರಿನ ಗಾಡಿ.

ಆವನಿಯ ಕಡೆ ತಿರುಗಿ ಎರಡು ಮೈಲಿ ಹೋದಮೇಲೆ, ಹುಣಸೆ ಮರದ ಕೆಳಗೆ ಜೀಪು ನಿಂತಿತ್ತು. ಬಂಪರಿನ ಮೇಲೆ ತ್ರಿವೇಣಿ ಕೂತಿದ್ದಳು. ಇಡಿಯಾಗಿ, ಕಾಲು ಆಡಿಸುತ್ತ.

"ಎಡಕ್ಕೆ ತಿರುಗಿಸಿದ್ರೆ ಟಕ್ ಅಂತಿತ್ತು," ಎಂದಳು. "ನೀವು ಹೇಳಿದ್ರಲ್ಲ, ನಿಲ್ಲಿಸ್ದೆ. ಫೋನ್ ಮಾಡೋಣ ಅಂದ್ರೆ ಇಲ್ಲಿ ಸಿಗ್ನಲ್ಲೇ ಇಲ್ಲ."

ಅವನು ಜೀಪಿನ ಅಡಿಗೆ ನುಸುಳಿದ. ನಟ್ಟು ಬೆರಳಿಗೇ ತಿರುಗಿತು. ಬಿಚ್ಚಿ ಬೀಳಲು ಇನ್ನೆರಡು ಸುತ್ತು, ಅಷ್ಟೇ ಉಳಿದಿದ್ದದ್ದು. ಸ್ಪ್ಯಾನರಿನಿಂದ ಬಿಗಿ ಮಾಡಿ ಹೊರಗೆ ಬಂದ.

"ಏನಾಗಿತ್ತು?"

ಹಳೇ ಸಾಮಾನಲ್ವಾ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ. ಅವನು ಜೇಬಿಗೆ ಕೈ ಹಾಕಿ ತೆಗೆದು, ಅಂಗೈ ಬಿಚ್ಚಿದ. ಬೆವರಿಗೆ ಕರಗಿದ ಕುಂಕುಮದ ನಡುವೆ ಪಿನ್ನು.

"ಹಾಕೋದು ಮರೆತೆ. ತಪ್ಪು ನಂದು."

ಅವಳ ಕಾಲು ನಿಂತಿತು. ದೂರದ ಬಂಡೆಯನ್ನು ನೋಡಿದಳು. "ಅಲ್ಲಿ ಬಿಚ್ಕೊಂಡಿದ್ರೆ?"

ಇನ್ನು ಇವಳು ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ ಅನ್ನಿಸಿತು.

"ಯಾಕೆ ಮರೆತ್ರಿ?" ಅವನತ್ತ ತಿರುಗಿ ಕೇಳಿದಳು.

"ನೀವು ನೋಡಿದ್ರಿ."

"ಮೂರು ಭಾನುವಾರದಿಂದಾನೂ ನೋಡ್ತಾನೇ ಇದೀನಿ."

"ನನಗೆ ಇವತ್ತು ಗೊತ್ತಾಯ್ತು." ಅವನು ಸ್ಪ್ಯಾನರನ್ನು ಕೆಳಗಿಟ್ಟ. "ನೀವಂದ್ರೆ ಇಷ್ಟ ತ್ರಿವೇಣಿ. ಇದನ್ನ ಹೇಳೋ ಹೊತ್ತಲ್ಲ, ಗೊತ್ತು. ಬೈಯ್ಯೋದಾದ್ರೆ ಒಟ್ಟಿಗೇ ಬೈದುಬಿಡಿ."

ಅವಳು ಬೈಯಲಿಲ್ಲ. "ಇನ್ಮೇಲೆ ಕೆಲಸ ಮಾಡೋವಾಗ ದೂರ ನಿಂತ್ಕೊಳ್ಲಾ?"

"ಬೇಡ. ಹತ್ರಾನೇ ಇರಿ. ಕಡೇ ಪಿನ್ನು ಮಾತ್ರ ನಿಮ್ಮ ಕೈಯಲ್ಲಿರ್ಲಿ. ನೀವು ಕೊಟ್ರೆ ಹಾಕ್ತೀನಿ."

ತ್ರಿವೇಣಿ ಅವನ ಅಂಗೈಯಿಂದ ಪಿನ್ನು ಎತ್ತಿಕೊಂಡಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಮಣ್ಣಿಗೆ ಬೆನ್ನು ಕೊಟ್ಟು, ಅವನಿಗಿಂತ ಮೊದಲೇ ಜೀಪಿನಡಿಗೆ ಸರಿದಳು. ಅವನೂ ಪಕ್ಕಕ್ಕೆ ಬಂದು ಮಲಗಿದ.

"ತಗೊಳ್ಳಿ," ಎಂದಳು, ಕಿವಿಯ ಹತ್ತಿರ.

ಈ ಸಲ ಗ್ರೀಸು ಅವಳ ಮೂಗಿನ ಮೇಲಿತ್ತು. ಅದು ಅವನಿಗೆ ಕಾಣುತ್ತಲೇ ಇತ್ತು. ಆದರೂ ಪಿನ್ನು ತೂರಿಸಿ, ಅದರ ಎರಡು ಕಾಲನ್ನೂ ಬಗ್ಗಿಸಿ, ಎರಡು ಸಲ ಎಳೆದು ನೋಡಿ, ಆಮೇಲೆ ಅವಳತ್ತ ತಿರುಗಿದ.