ಬ್ಯಾಗ್ ಕಾಣೆಯಾದ ದಿನ

"ಒಂದೂರಲ್ಲಿ ಒಂದು ಕುಂಟ ಮೇಕೆ ಇತ್ತು. ಅದಕ್ಕೆ ಬೆಟ್ಟ ಹತ್ತೋ ಆಸೆ..."

"ಮಿಸ್, ಇವನ ಶರ್ಟ್ ಗುಂಡಿ ಕಿತ್ತೋಯ್ತು!" ಬಾಗಿಲಲ್ಲಿ ಯಾರೋ ಕೂಗಿದರು.

ವಟವಟ ಬಾಯಿ ಮುಚ್ಚಿದಳು. ಸದಾ ಮಾತಾಡುವ ಹುಡುಗಿಗೆ ಕ್ಲಾಸಿನವರೆಲ್ಲ ಸೇರಿ ಇಟ್ಟ ಹೆಸರು ಅದು. ತಾನೇ ಕಟ್ಟಿದ ಮೇಕೆಯ ಕತೆಯನ್ನು ಮಿಸ್‌ಗೆ ಹೇಳಬೇಕೆಂದು ಅವಳು ಎಷ್ಟೋ ದಿನದಿಂದ ಕಾಯುತ್ತಿದ್ದಳು. ಪಾಪ, ಮೇಕೆ ಇನ್ನೂ ಬೆಟ್ಟದ ಬುಡದಲ್ಲೇ ನಿಂತಿತ್ತು.

ಮಿಸ್ ತಮ್ಮ ದೊಡ್ಡ ನೀಲಿ ಬ್ಯಾಗಿನಿಂದ ಸೂಜಿ ದಾರ ತೆಗೆದರು. ಆ ಬ್ಯಾಗಿನಲ್ಲಿ ಇಲ್ಲದ್ದೇ ಇಲ್ಲ. ಬಾಚಣಿಗೆ, ಹತ್ತಿ, ಬ್ಯಾಂಡೇಜ್, ಒಣಗಿದ ಸಾಕ್ಸ್, ಬಿಸ್ಕತ್ತು. ಮಂಡಿ ತರಚಿಕೊಂಡವರು, ಹಲ್ಲು ಬಿದ್ದವರು, ಅಮ್ಮ ಬೇಕು ಅಂತ ಅಳುವವರು, ಎಲ್ಲರೂ ಬರುವುದು ಇಲ್ಲಿಗೇ. ಹಾಗಂತ ಪಾಠ ನಿಲ್ಲುವುದಿಲ್ಲ. ಗುಂಡಿ ಹೊಲಿಯುತ್ತಲೇ ಮಿಸ್ ಮಗ್ಗಿ ಕೇಳುತ್ತಿದ್ದರು.

"ನಾಳೆ ಖಂಡಿತ ಕೇಳ್ತೀನಿ ಪುಟ್ಟಿ," ಎಂದರು. ನಿನ್ನೆಯೂ ಇದನ್ನೇ ಹೇಳಿದ್ದರು.

ವಟವಟಳಿಗೆ ಕೋಪ ಉಕ್ಕಿ ಬಂತು. ಎಲ್ಲಾ ಆ ಬ್ಯಾಗಿನದೇ ಕಿತಾಪತಿ. ಅದು ಇಲ್ಲದಿದ್ದರೆ ಯಾರು ತಾನೇ ಬರ್ತಾರೆ?

ಮರುದಿನ ಎಲ್ಲರೂ ಪ್ರೇಯರ್‌ಗೆ ಹೋದಾಗ ಅವಳು ಬ್ಯಾಗನ್ನು ಎತ್ತಿಕೊಂಡು ಹೋಗಿ, ಆಟದ ಸಾಮಾನಿನ ಕೋಣೆಯಲ್ಲಿ ಹಳೇ ಚಾಪೆಗಳ ಹಿಂದೆ ತುರುಕಿದಳು.

ಮಿಸ್ ಮೇಜಿನ ಕೆಳಗೆ ಬಗ್ಗಿ ನೋಡಿದರು. ಕಪಾಟು ತೆಗೆದು ನೋಡಿದರು. "ಇಲ್ಲೇ ಇಟ್ಟಿದ್ದೆನಲ್ಲ..."

ವಟವಟ ಏನೂ ಅರಿಯದವಳ ಹಾಗೆ ಪೆನ್ಸಿಲ್ ಹೆರೆಯುತ್ತಿದ್ದಳು.

ಅಷ್ಟರಲ್ಲಿ ಆಯಾ ಓಡಿ ಬಂದರು. ಅವರ ಕಂಕುಳಲ್ಲಿ ಒಂದನೇ ಕ್ಲಾಸಿನ ಗುಂಡಣ್ಣ. ಅವನು ಉಸಿರು ಎಳೆದಾಗಲೆಲ್ಲ ಎದೆ ಕುಯ್ ಕುಯ್ ಎನ್ನುತ್ತಿತ್ತು.

"ಮಿಸ್, ಬೇಗ! ಇವನ ಉಸಿರಿನ ಪಂಪು! ನಿಮ್ಮ ಬ್ಯಾಗಲ್ಲೇ ಅಲ್ವಾ ಇರೋದು?"

ಮಿಸ್ ಮುಖ ಬಿಳುಚಿಕೊಂಡಿತು.

ವಟವಟ ಯಾರನ್ನೂ ಕೇಳದೆ ಓಡಿದಳು. ಚಾಪೆಗಳನ್ನು ಎಳೆದು ಬಿಸಾಕಿ, ಬ್ಯಾಗ್ ತಬ್ಬಿಕೊಂಡು ಬಂದಳು. "ಆಟದ ಕೋಣೇಲಿತ್ತು ಮಿಸ್!"

ಮಿಸ್ ಪಂಪನ್ನು ಗುಂಡಣ್ಣನ ಬಾಯಿಗಿಟ್ಟು ಒತ್ತಿದರು. ಸ್ವಲ್ಪ ಹೊತ್ತಿಗೆ ಅವನ ಉಸಿರು ಹದಕ್ಕೆ ಬಂತು. ಕಣ್ಣು ಒರೆಸಿಕೊಂಡು, "ಬಿಸ್ಕತ್ತು ಇದ್ಯಾ?" ಎಂದ. ಎಲ್ಲರೂ ನಕ್ಕರು. ಮಿಸ್ ನಗಲಿಲ್ಲ.

ಸುದ್ದಿ ಕೇಳಿ ಹೆಡ್ ಮಿಸ್ ಬಂದರು. "ಮಗುವಿನ ಜೀವದ ವಿಷಯ ಇದು. ಬ್ಯಾಗನ್ನ ಎಲ್ಲೆಲ್ಲೋ ಬಿಟ್ಟು ಬಂದ್ರೆ ಹೇಗೆ?"

"ತಪ್ಪಾಯ್ತು ಮೇಡಂ. ಆ ಕೋಣೆಗೆ ಯಾವಾಗ ಹೋಗಿದ್ದೆನೋ, ನೆನಪೇ ಆಗ್ತಿಲ್ಲ." ಮಿಸ್ ಪಂಪನ್ನು ಮತ್ತೆ ಬ್ಯಾಗಿನೊಳಗೆ ಇಟ್ಟರು.

ಹೇಳು, ಹೇಳು ಎಂದಿತು ವಟವಟಳ ಮನಸ್ಸು. ನಾಲಿಗೆ ಮಾತ್ರ ಏಳಲಿಲ್ಲ. ಹೆಡ್ ಮಿಸ್ ಅವಳ ಬೆನ್ನು ತಟ್ಟಿ, "ಜಾಣೆ ನೀನು," ಎಂದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇನ್ಮೇಲೆ ಬ್ಯಾಗು ಆಫೀಸಲ್ಲಿರ್ಲಿ," ಎಂದರು ಹೆಡ್ ಮಿಸ್. "ಮಕ್ಕಳು ಅಲ್ಲಿಗೇ ಬರ್ಲಿ. ನೀವು ಪಾಠ ಮಾಡಿದ್ರೆ ಸಾಕು."

ಮಾರನೆಯ ದಿನ ಗಾಯ, ಗುಂಡಿ ಅಂತ ಯಾರೂ ಕ್ಲಾಸಿನ ಬಾಗಿಲಿಗೆ ಬರಲಿಲ್ಲ. ಪುಟ್ಟ ಹುಡುಗಿಯೊಬ್ಬಳು ತರಚಿದ ಮೊಣಕೈ ಹಿಡಿದುಕೊಂಡು ಅಳುತ್ತಾ ಬಾಗಿಲ ಮುಂದೆಯೇ ಹಾದು ಆಫೀಸಿನ ಕಡೆ ಹೋದಳು. ಮಿಸ್ ಅರ್ಧ ಎದ್ದವರು ಮತ್ತೆ ಕೂತರು.

"ಬಾ ಪುಟ್ಟಿ, ಇವತ್ತು ಬೇಕಾದಷ್ಟು ಟೈಮ್ ಇದೆ. ನಿನ್ನ ಮೇಕೆ ಏನು ಮಾಡ್ತು ಹೇಳು."

ವಟವಟ ಎದ್ದು ನಿಂತಳು. ಅವಳು ಬಯಸಿದ್ದೂ ಇದೇ. ಮಿಸ್ ಅವಳನ್ನೇ ನೋಡುತ್ತಿದ್ದರು. ಅವರ ಕೈ ಮಾತ್ರ ಕುರ್ಚಿಯ ಪಕ್ಕ, ಬ್ಯಾಗ್ ಇರುತ್ತಿದ್ದ ಜಾಗದಲ್ಲಿ ಸುಮ್ಮನೆ ತಡಕಾಡುತ್ತಿತ್ತು.

"ಒಂದೂರಲ್ಲಿ..." ಎಂದಳು. ಅಲ್ಲಿಗೇ ನಿಲ್ಲಿಸಿದಳು.

ಮೆಲ್ಲಗೆ ಮೇಜಿನ ಹತ್ತಿರ ಹೋದಳು. "ಮಿಸ್, ನೀವು ಮರೆತಿರಲಿಲ್ಲ. ಇಲ್ಲೇ ಇಟ್ಟಿದ್ರಿ. ನಾನು ತಗೊಂಡ್ಹೋಗಿ ಬಚ್ಚಿಟ್ಟೆ."

ತಡಕಾಡುತ್ತಿದ್ದ ಕೈ ನಿಂತಿತು. ಮಿಸ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೆಡ್ ಮಿಸ್‌ಗೂ ಹೇಳಿ ಬರ್ತೀನಿ," ಎಂದಳು ವಟವಟ. ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು.

"ಕತೆ ನಾಳೆ ಹೇಳ್ತೀನಿ ಮಿಸ್."