“ಊಟದ ಪ್ಲ್ಯಾನ್ ಇದೆಯಾ ಸರ್?”

“ನಾಳೆ ಮಧ್ಯಾಹ್ನ ಊಟಕ್ಕೆ ಇಬ್ಬರಿಗೆ ಟೇಬಲ್ ಬೇಕಿತ್ತು.”

“ಯಾರ್ಯಾರ ಹೆಸರಲ್ಲಿ ಸರ್?”

“ಒಂದು ನಂದು, ರೋಲರ್ ಕೋಸ್ಟರ್ ಮೆಕ್ಯಾನಿಕ್ಕು. ಇನ್ನೊಂದು... ನಿಮ್ದು!”

ಅವಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಆದರೆ ಬಾಯಿ ನಿಲ್ಲಬೇಕಲ್ಲ! ಥೀಮ್ ಪಾರ್ಕ್ ರೆಸಾರ್ಟಿನ ಬುಕಿಂಗ್ ಫೋನಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ ತಾನಾಗಿ ಹೊರಬಿತ್ತು.

“ಊಟದ ಪ್ಲ್ಯಾನ್ ಇದೆಯಾ ಸರ್?”

“ಅರ್ಥ ಆಯ್ತು ಬಿಡಿ,” ಎಂದು ಅವನು ಫೋನ್ ಇಟ್ಟ.

ಎಂಟು ತಿಂಗಳಿಂದ ಸ್ಟಾಫ್ ಬಸ್ಸಿನಲ್ಲಿ ಅವಳಿಗಾಗಿ ಸೀಟು ಹಿಡಿಯುತ್ತಿದ್ದವನು. ಅವಳಿಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಹೀಗೇ... ಅಳುವೂ ಇಲ್ಲ, ನಗುವೂ ಇಲ್ಲ. ಪುಣ್ಯಾತ್ಮ, ಹುಡುಕಿ ಹುಡುಕಿ ಇಂಥವಳಿಗೇ ಮನಸ್ಸು ಕೊಟ್ಟಿದ್ದ!

ಮರುದಿನದಿಂದ ಅವನು ಬಸ್ಸಿಗೆ ಬರಲಿಲ್ಲ. ಸೀಟುಗಳು ಖಾಲಿಯಿದ್ದರೂ ಅವಳು ಯಾಕೋ ನಿಂತುಕೊಂಡೇ ಬಂದಳು.

ನಾಲ್ಕನೆಯ ದಿನ ಪಕ್ಕದ ಕುರ್ಚಿಯ ಅಕ್ಕ ಸುದ್ದಿ ತಂದಳು. “ಮೆಕ್ಯಾನಿಕ್ಕು ಬೇರೆ ಪಾರ್ಕಿಗೆ ವರ್ಗ ಕೇಳ್ತಿದಾನಂತೆ ಕಣೇ. ಇವತ್ತೇ ಅರ್ಜಿ ಕೊಡ್ತಾನಂತೆ. ಏನಂದೆ ಅವನಿಗೆ?”

“ಊಟದ ಪ್ಲ್ಯಾನ್ ಇದೆಯಾ ಅಂದೆ.”

“ಅಯ್ಯೋ ನಿನ್ನ ತಲೆ! ಎದ್ದು ಹೋಗೇ, ಫೋನು ನಾನು ನೋಡ್ಕೋತೀನಿ.”

ವರ್ಕ್‌ಶಾಪಿನಲ್ಲಿ ಅವನು ಸ್ಪ್ಯಾನರುಗಳನ್ನು ಒರೆಸುತ್ತಿದ್ದ. ಅರ್ಜಿ ಬೆಂಚಿನ ಮೇಲಿತ್ತು.

“ಊಟದ ಪ್ಲ್ಯಾನ್ ಇದೆಯಾ ಅಂತ ಯಾಕೆ ಕೇಳ್ತೀವಿ ಗೊತ್ತಾ ನಿಮಗೆ?” ಎಂದಳು.

“ಗೊತ್ತು. ನನ್ನಂಥವರನ್ನ ಬಾಗಿಲಲ್ಲೇ ನಿಲ್ಲಿಸೋಕೆ.”

“ಅಲ್ಲ ರೀ! ಪ್ಲ್ಯಾನ್ ಇದ್ರೆ ರೂಮಿನ ಜೊತೆಗೇ ಊಟನೂ ಸೇರಿರುತ್ತೆ. ಅವರು ಬಂದೇ ಬರ್ತಾರೆ ಅಂತ ಅಡುಗೆಮನೆಯೋರು ಅವರ ಪಾಲು ಎತ್ತಿಡ್ತಾರೆ. ಮಿಕ್ಕೋರಿಗೆ ಮೆನು ಬೇರೆ, ಬಿಲ್ಲು ಬೇರೆ. ಟೇಬಲ್ ಎಲ್ಲರಿಗೂ ಒಂದೇ.”

“ಅಂದ್ರೆ... ಬೇಡ ಅಂದಿದ್ದಲ್ವಾ?”

“ಅಲ್ಲ. ಅಭ್ಯಾಸಬಲ.”

“ಹಾಗಾದ್ರೆ ನಾನು ಬೇಕಾ?”

ಈಗಲಾದರೂ ಎದೆ ಹೊಡೆದುಕೊಳ್ಳಬಹುದು ಎಂದು ಕಾದಳು. ಏನೂ ಆಗಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ನಂಗೆ ಒಳಗೆ ಏನೂ ಅನ್ನಿಸ್ತಾನೇ ಇಲ್ಲ... ಖುಷಿ ಹೇಗಿರುತ್ತೆ ಅನ್ನೋದೇ ಮರ್ತುಹೋಗಿದೆ. ಆದ್ರೂ ನೀವು ಹೋಗೋದು ಬೇಡ. ಅಷ್ಟು ಮಾತ್ರ ಗೊತ್ತು.”

ಅವನು ಅರ್ಜಿಯನ್ನು ಮಡಚಿ ಕಸದ ಡಬ್ಬಿಗೆ ಹಾಕಿದ.

“ಸದ್ಯಕ್ಕೆ ಅಷ್ಟು ಸಾಕು. ಮಿಕ್ಕಿದ್ದು ಅನ್ನಿಸಿದಾಗ ಹೇಳಿ, ಇಲ್ಲೇ ಇರ್ತೀನಿ.”

ಅವಳು ಕೈ ಚಾಚಿದಳು. ಗ್ರೀಸು ಎಂದು ಅವನು ಹಿಂಜರಿದ. ಅವಳೇ ಹಿಡಿದುಕೊಂಡಳು.

“ನಿಮ್ಮ ಕೈ...”

“ಕೊಳೆಯಾಗಿದೆ ಕಣ್ರೀ.”

“ಅಲ್ಲ,” ಎಂದಳು, ತಾನೇ ಬೆರಗಾಗಿ. “ಬೆಚ್ಚಗಿದೆ!”